ಯುದ್ಧದ ಊರಿನಿಂದ ಬದುಕಿ ಬಂದ ನಾದಿನಿಗೆ ಯಾವ ಚಿಕಿತ್ಸೆ ಸರಿ?

ಪ್ರಶ್ನೆ: ಮೇಡಂ, ನಮ್ಮದು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರದ ಹಳ್ಳಿ. ನನ್ನ ನಾದಿನಿ ಸುಡಾನಿನ ಖಾರ್ಟೂಮಿನಲ್ಲಿ ನರ್ಸ್ ಆಗಿದ್ದಳು. 2023ರ ಏಪ್ರಿಲ್‌ನಲ್ಲಿ ಯುದ್ಧ ಶುರುವಾದಾಗ ಹಾಸ್ಟೆಲಿನಲ್ಲಿ ಸಿಕ್ಕಿಬಿದ್ದಳು. ಆಮೇಲೆ ಬಸ್ಸಿನಲ್ಲಿ ಪೋರ್ಟ್ ಸುಡಾನ್‌ಗೆ ಹೋಗಿ, ಅಲ್ಲಿಂದ ಹಡಗು, ವಿಮಾನ ಹತ್ತಿ ಊರಿಗೆ ಬಂದಳು. ಬಂದ ಹೊಸತರಲ್ಲಿ ಚೆನ್ನಾಗಿಯೇ ಇದ್ದಳು. ಈಗ ದಿನ ಹೋದಂತೆ ಜಾಸ್ತಿ ಆಗುತ್ತಿದೆ. ರಾತ್ರಿ ನಿದ್ದೆ ಇಲ್ಲ. ಪಕ್ಕದ ಮನೆಗೆ ಸಿಮೆಂಟ್ ತರುವ ಪಿಕಪ್ ಬಂದರೆ ಬಾಗಿಲು ಹಾಕಿಕೊಳ್ಳುತ್ತಾಳೆ. ಕುಂಬಳೆಯ ಚಿಕ್ಕಮ್ಮನ ಮನೆಗೆ ಹೋಗಿದ್ದಾಗ ಜಾತ್ರೆಯ ಬೆಡಿಯ (ಸಿಡಿಮದ್ದಿನ) ಸದ್ದು ಕೇಳಿ ಮಂಚದ ಕೆಳಗೆ ಸೇರಿಕೊಂಡಳು. ದಾರಿಯಲ್ಲಿ ಬಂದೂಕಿನವರು ಬಸ್ ನಿಲ್ಲಿಸಿದರು ಎಂದಷ್ಟೇ ಹೇಳಿದ್ದಾಳೆ, ಮುಂದೆ ಕೇಳಿದರೆ ಎದ್ದು ಹೋಗುತ್ತಾಳೆ. ರೋಗಿಗಳನ್ನು ಬಿಟ್ಟು ಬಂದೆ ಎಂದು ಅಳುತ್ತಾಳೆ. ಮಂಗಳೂರಿನ ಡಾಕ್ಟರು ಮಾತ್ರೆ ಕೊಟ್ಟು ಸೈಕಾಲಜಿಸ್ಟ್ ಹತ್ತಿರ ಕಳಿಸಿದರು. ಆದದ್ದನ್ನೆಲ್ಲ ಮೊದಲಿಂದ ಮತ್ತೆ ಮತ್ತೆ ಹೇಳಬೇಕಾಗುತ್ತದೆ ಎಂದು ಅವರು ಹೇಳಿದ್ದಕ್ಕೆ ಹೆದರಿ ಮತ್ತೆ ಹೋಗಲೇ ಇಲ್ಲ. ಕಣ್ಣು ಆಡಿಸುವ ಚಿಕಿತ್ಸೆ ಇದೆ, ಅದರಲ್ಲಿ ಏನೂ ಹೇಳಬೇಕಾಗಿಲ್ಲ ಎಂದು ಅವಳ ಗೆಳತಿ ಹೇಳುತ್ತಾಳೆ. ಅತ್ತೆಗೆ ಜೋಯಿಸರಲ್ಲಿ ಪ್ರಶ್ನೆ ಇಡಿಸಬೇಕು. ನಮ್ಮವರಿಗೆ ಮದುವೆ ಮಾಡಿಬಿಡಬೇಕು. ಯಾವುದು ಸರಿ? ಎಲ್ಲವನ್ನೂ ಹೇಳಿಸಿದರೆ ಇನ್ನೂ ಹಾಳಾಗುವುದಿಲ್ಲವೇ? ಬದುಕಿ ಬಂದದ್ದೇ ತಪ್ಪಾಯಿತು ಎಂದೂ ಒಮ್ಮೊಮ್ಮೆ ಹೇಳುತ್ತಾಳೆ. ನಾನು ಏನು ಮಾಡಲಿ?

(ಗುರುತು ಸಿಗಬಾರದೆಂದು ಪತ್ರದ ಕೆಲವು ವಿವರಗಳನ್ನು ಬದಲಿಸಲಾಗಿದೆ.)

ಉತ್ತರ: ನೀವು ಕೊನೆಗೆ ಬರೆದ ಮಾತನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಬದುಕಿ ಬಂದದ್ದೇ ತಪ್ಪಾಯಿತು ಎಂದು ಅವಳು ಹೇಳುವಾಗ ಮಾತು ತಿರುಗಿಸಬೇಡಿ, ಗದರಿಸಲೂ ಬೇಡಿ. ಒಬ್ಬಳೇ ಇರುವಾಗ ಪಕ್ಕದಲ್ಲಿ ಕೂತು ನೇರವಾಗಿ ಕೇಳಿ: "ಸಾಯಬೇಕು ಅಂತ ಅನಿಸುತ್ತದಾ?" ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೋಗುತ್ತದೆ ಎಂದು ಬಹಳ ಜನ ಹೆದರುತ್ತಾರೆ. ಹಾಗೆ ಆಗುವುದಿಲ್ಲ. ಯಾರಾದರೂ ಕೇಳಿದರಲ್ಲ ಎಂದು ಹೆಚ್ಚಿನವರಿಗೆ ಎದೆ ಹಗುರಾಗುತ್ತದೆ. ಅವಳು ಹೌದು ಎಂದರೆ ಒಬ್ಬಳನ್ನೇ ಬಿಡಬೇಡಿ, ಅದೇ ದಿನ ಡಾಕ್ಟರಿಗೆ ತೋರಿಸಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲಿ ಮಾತಾಡುವವರು ಬೇಕು ಎಂದು ಕೇಳಬಹುದು. ಅವಳು ಏನೇ ಉತ್ತರ ಕೊಟ್ಟರೂ ತೋಟಕ್ಕೆ ತಂದ ಮೈಲುತುತ್ತು, ಕಳೆನಾಶಕ, ಇಲಿ ಪಾಷಾಣ ಎಲ್ಲ ಇವತ್ತೇ ಬೀಗದೊಳಗೆ ಹೋಗಲಿ. ಮಾತ್ರೆಯ ದೊಡ್ಡ ಕಟ್ಟು ಅವಳ ಕೋಣೆಯಲ್ಲಿ ಇರುವುದು ಬೇಡ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಚಿಕಿತ್ಸೆಯ ಹೆಸರು ನಾಲ್ಕಾರು ಕೇಳಿದ್ದೀರಿ, ಆದರೆ ನಿಮ್ಮ ಭಯ ಒಂದೇ. ಮುಚ್ಚಿಟ್ಟದ್ದನ್ನು ತೆಗೆಸಿದರೆ ಈಗ ಇರುವಷ್ಟೂ ನೆಮ್ಮದಿ ಹೋದೀತಲ್ಲ ಎಂಬುದು. ನನ್ನ ಹತ್ತಿರ ಬರುವ ಬಹುಪಾಲು ಮನೆಯವರು ಇದನ್ನೇ ಕೇಳುತ್ತಾರೆ.

ನೀವು ಹೇಳಿದ ಲಕ್ಷಣಗಳು ಒಟ್ಟಿಗೆ ಬರುವ ಕಾಯಿಲೆಗೆ ಪಿಟಿಎಸ್‌ಡಿ ಎನ್ನುತ್ತಾರೆ. ದೊಡ್ಡ ಆಘಾತದ ನಂತರ ಬಂದು, ತಿಂಗಳು ಕಳೆದರೂ ಬಿಡದೆ ಕಾಡುವ ಮಾನಸಿಕ ತೊಂದರೆ ಇದು. ಪತ್ರ ಓದಿ ರೋಗ ಹೇಳುವುದು ಸರಿಯಲ್ಲ, ಅವಳನ್ನು ನೋಡಿದವರೇ ಅದನ್ನು ಹೇಳಬೇಕು. ಆದರೂ ಪಿಕಪ್ ಸದ್ದು, ಬೆಡಿ, ನಿದ್ದೆಗೇಡು, ಆ ವಿಷಯ ಬಂದರೆ ಎದ್ದು ಹೋಗುವುದು, ರೋಗಿಗಳನ್ನು ಬಿಟ್ಟು ಬಂದೆನೆಂಬ ಕೊರಗು, ಇವೆಲ್ಲ ಆ ಕಡೆಗೇ ಬೆರಳು ತೋರಿಸುತ್ತವೆ. ಆರು ತಿಂಗಳು ಕಳೆದ ಮೇಲೆ ಪೂರ್ತಿ ಕಾಣಿಸಿಕೊಳ್ಳುವುದೂ ಉಂಟು. ಬಂದ ಹೊಸತರಲ್ಲಿ ಬದುಕಿ ಬಂದ ಸಂತೋಷ, ನೋಡಲು ಬರುವ ನೆಂಟರು, ಕಾಗದಪತ್ರದ ಓಡಾಟ ಎಲ್ಲ ಇರುತ್ತದೆ. ಅದು ಮುಗಿದು ಮನೆ ಸುಮ್ಮನಾದಾಗ ಒಳಗಿನದು ಮೇಲೆ ಬರುತ್ತದೆ. ಹಾಗಾಗಿ "ಆಗ ಚೆನ್ನಾಗಿದ್ದಳು, ಈಗ ನಾಟಕ" ಎಂದು ಯಾರಾದರೂ ಹೇಳಿದರೆ ಅದನ್ನು ಅಲ್ಲಿಗೇ ನಿಲ್ಲಿಸಿ.

ಯಾಕೆ ಹೀಗಾಗುತ್ತದೆ? ಪ್ರಾಣಕ್ಕೆ ಕುತ್ತು ಬಂದಾಗ ಮಿದುಳು ಅಪಾಯ ಗುರುತಿಸುವ ಕೆಲಸಕ್ಕೆ ಎಲ್ಲ ಶಕ್ತಿ ಹಾಕುತ್ತದೆ. ಸದ್ದು, ವಾಸನೆ, ಬೆಳಕು ಅಚ್ಚೊತ್ತಿದ ಹಾಗೆ ಉಳಿಯುತ್ತವೆ. ಅದು ಎಲ್ಲಿ, ಯಾವಾಗ, ಯಾವುದರ ನಂತರ ಯಾವುದು ಎಂಬ ಲೆಕ್ಕ ಮಾತ್ರ ಸರಿಯಾಗಿ ಸೇರುವುದಿಲ್ಲ. ಹೀಗಾಗಿ ಆ ನೆನಪಿಗೆ "ಇದು ಮುಗಿದ ಕಥೆ" ಎಂಬ ಗುರುತು ಬೀಳುವುದಿಲ್ಲ. ಖಾರ್ಟೂಮಿನಲ್ಲಿ ಬಂದೂಕಿನವರು ಪಿಕಪ್ ಗಾಡಿಗಳಲ್ಲೇ ತಿರುಗುತ್ತಿದ್ದರು. ಪಕ್ಕದ ಮನೆಗೆ ಬಂದ ಪಿಕಪ್ ಸಿಮೆಂಟ್ ತಂದಿದೆ ಎಂದು ನಿಮ್ಮ ನಾದಿನಿಗೆ ಗೊತ್ತು. ಅವಳ ಮೈಗೆ ಗೊತ್ತಿಲ್ಲ. ಬಾಗಿಲು ಹಾಕಿದ ಕೂಡಲೇ ಭಯ ಇಳಿಯುತ್ತದೆ, ಆ ಸಮಾಧಾನವೇ ಮುಂದಿನ ಸಲ ಇನ್ನೂ ಬೇಗ ಬಾಗಿಲು ಹಾಕಿಸುತ್ತದೆ. ತಪ್ಪಿಸಿಕೊಂಡಷ್ಟೂ ಕಾಯಿಲೆ ಬಲವಾಗುವುದು ಹೀಗೆ.

ನಮ್ಮ ಕಡೆಯ ಮಾತಿನಲ್ಲೇ ಹೇಳುತ್ತೇನೆ. ಸರಿಯಾಗಿ ಒಣಗದ ಅಡಿಕೆಯನ್ನು ಗೋಣಿಗೆ ತುಂಬಿ ಕಟ್ಟಿಟ್ಟರೆ ಒಳಗೇ ಬೂಸ್ಟು ಹಿಡಿಯುತ್ತದೆ, ಅಲ್ವಾ? ಮತ್ತೆ ಅಂಗಳಕ್ಕೆ ಸುರಿದು ಬಿಸಿಲಿಗೆ ಹರಡಲೇಬೇಕು. ಮಳೆ ಬರುವಾಗ ಹರಡುವಂತಿಲ್ಲ, ಒಂದೇ ದಿನದಲ್ಲಿ ಒಣಗುವುದೂ ಇಲ್ಲ, ಸಂಜೆಯಾದರೆ ಒಟ್ಟುಮಾಡಿ ಮುಚ್ಚಬೇಕು. ಹೇಳಿಸಿದರೆ ಹಾಳಾಗುತ್ತದಾ ಎಂಬ ಪ್ರಶ್ನೆಗೆ ನನ್ನ ಉತ್ತರ ಇದೇ. ತಯಾರಿ ಇಲ್ಲದೆ, ಗೊತ್ತಿಲ್ಲದವರು, ಒತ್ತಾಯದಿಂದ ಹೇಳಿಸಿದರೆ ಹಾಳಾಗಬಹುದು. ದೊಡ್ಡ ಘಟನೆ ನಡೆದ ಕೂಡಲೇ ಎಲ್ಲರನ್ನೂ ಕೂರಿಸಿ ಒಂದೇ ಸಲಕ್ಕೆ ಎಲ್ಲವನ್ನೂ ಹೇಳಿಸುವ ಪದ್ಧತಿ ಹಿಂದೆ ಇತ್ತು. ಅದರಿಂದ ಪಿಟಿಎಸ್‌ಡಿ ತಪ್ಪುವುದಿಲ್ಲ, ಕೆಲವರಿಗೆ ತೊಂದರೆಯೂ ಆಗಬಹುದು ಎಂದು ಗೊತ್ತಾದ ಮೇಲೆ ಅದನ್ನು ಕೈಬಿಟ್ಟರು. ನೆಂಟರು ಸುತ್ತ ಕೂತು "ಏನಾಯಿತು ಹೇಳು" ಎನ್ನುವುದೂ ಅದೇ ಜಾತಿಯದು. ತರಬೇತಿ ಇರುವವರು, ಅವಳ ಒಪ್ಪಿಗೆಯಿಂದ, ಅಳತೆ ಇಟ್ಟುಕೊಂಡು ಮಾಡಿಸುವುದೇ ಬೇರೆ.

ಅದು ನಿಜವಾಗಿ ಕೆಲಸ ಮಾಡುತ್ತದಾ ಎಂದರೆ, ಯುದ್ಧದಲ್ಲಿ ನೊಂದ ಹೆಣ್ಣುಮಕ್ಕಳ ಮೇಲೇ ನಡೆದ ಹೋಲಿಕೆಗಳಿವೆ. ನನಗೆ ತುಂಬ ಮುಖ್ಯ ಅನಿಸುವುದು ಪೂರ್ವ ಕಾಂಗೋದಲ್ಲಿ ನಡೆದದ್ದು. ಅಲ್ಲಿ ವರ್ಷಗಟ್ಟಲೆ ನಡೆದ ಯುದ್ಧದಲ್ಲಿ ಹೆಂಗಸರ ಮೇಲಿನ ಅತ್ಯಾಚಾರವನ್ನೇ ಆಯುಧ ಮಾಡಿಕೊಂಡಿದ್ದರು. ಅಂಥ ಹೆಂಗಸರಿಗೆ ಆಸ್ಪತ್ರೆ ನಡೆಸಿದ ಡಾಕ್ಟರ್ ಡೆನಿಸ್ ಮುಕ್ವೇಗೆ ಅವರಿಗೆ 2018ರ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಅದೇ ಪ್ರದೇಶದ ಹಳ್ಳಿಗಳಲ್ಲಿ ಎರಡು ರೀತಿಯ ನೆರವನ್ನು ಹೋಲಿಸಿದರು, ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಕೆಲವು ಹಳ್ಳಿಗಳಲ್ಲಿ ಹೆಂಗಸರಿಗೆ ಒಬ್ಬೊಬ್ಬರಾಗಿ ಬಂದು ಮಾತಾಡುವ, ಸಮಾಧಾನ ಪಡೆಯುವ ಅವಕಾಶ. ಇನ್ನು ಕೆಲವು ಹಳ್ಳಿಗಳಲ್ಲಿ ಸಿಪಿಟಿ, ಅಂದರೆ ಘಟನೆಯ ನಂತರ ಮನಸ್ಸಿನಲ್ಲಿ ಗಟ್ಟಿಯಾದ ತೀರ್ಪುಗಳನ್ನು ಬಿಡಿಸಿ ನೋಡುವ ಚಿಕಿತ್ಸೆ, ಗುಂಪಿನಲ್ಲಿ. ಮುಗಿದು ಆರು ತಿಂಗಳಾದ ಮೇಲೆ ನೋಡಿದರೆ, ಸಮಾಧಾನದ ಮಾತು ಮಾತ್ರ ಸಿಕ್ಕವರಲ್ಲಿ ಶೇ 42ರಷ್ಟು ಮಂದಿಗೆ ಇನ್ನೂ ಖಿನ್ನತೆ ಅಥವಾ ಆತಂಕ ಇತ್ತು. ಸಿಪಿಟಿ ಸಿಕ್ಕವರಲ್ಲಿ ಅದು ಶೇ 9. ಪಿಟಿಎಸ್‌ಡಿಯ ಲೆಕ್ಕವೂ ಹೀಗೇ ಇತ್ತು. ಚಿಕಿತ್ಸೆ ಕೊಟ್ಟವರು ದೊಡ್ಡ ಡಿಗ್ರಿಯವರಲ್ಲ. ಹೈಸ್ಕೂಲಿನ ಮಟ್ಟಕ್ಕೆ ಓದಿ, ಆಮೇಲೆ ತರಬೇತಿ ಪಡೆದ ಅಲ್ಲಿಯದೇ ಹೆಂಗಸರು. ಚಿಕಿತ್ಸೆ ನಡೆಯುವಾಗಲೂ ಸುತ್ತಮುತ್ತ ಗಲಭೆ ಪೂರ್ತಿ ನಿಂತಿರಲಿಲ್ಲ. ಇದನ್ನು ಓದಿದಾಗಲೆಲ್ಲ ನಮ್ಮ ಜಿಲ್ಲೆಯಲ್ಲೂ ಹೀಗೆ ಕನ್ನಡ, ತುಳು ಬಲ್ಲ ಹೆಂಗಸರನ್ನು ಯಾಕೆ ತಯಾರು ಮಾಡಬಾರದು ಎಂದು ನನಗೆ ಅನಿಸುತ್ತದೆ.

ಇನ್ನೊಂದು ಹೋಲಿಕೆ ಸುಡಾನಿನವರದೇ. ಹಿಂದಿನ ಅಂತರ್ಯುದ್ಧದಲ್ಲಿ ಉಗಾಂಡಕ್ಕೆ ಓಡಿಬಂದು ನಿರಾಶ್ರಿತರ ಶಿಬಿರದಲ್ಲಿದ್ದ ಗಂಡಸರು, ಹೆಂಗಸರು ಇಬ್ಬರೂ ಅದರಲ್ಲಿದ್ದರು. ಜರ್ಮನಿಯ ಕೊನ್‌ಸ್ಟಾಂಜ್ ವಿಶ್ವವಿದ್ಯಾಲಯದವರು ರೂಪಿಸಿದ, ಬದುಕಿನ ಕಥೆಯನ್ನು ಮೊದಲಿಂದ ಹೇಳಿಸುವ, ಚಿಕ್ಕದಾಗಿ ನೆಟ್ ಎಂದು ಕರೆಯುವ ಚಿಕಿತ್ಸೆಯನ್ನು ಸಾಮಾನ್ಯ ಕೌನ್ಸೆಲಿಂಗ್ ಜೊತೆಗೂ, ಕಾಯಿಲೆಯ ಬಗ್ಗೆ ತಿಳಿಹೇಳಿ ಬಿಟ್ಟದ್ದರ ಜೊತೆಗೂ ಹೋಲಿಸಿ 2004ರಲ್ಲಿ ಪ್ರಕಟಿಸಿದರು. ಒಂದು ವರ್ಷದ ಮೇಲೆ ನೆಟ್ ಪಡೆದವರಲ್ಲಿ ಶೇ 29 ಜನರಿಗೆ ಮಾತ್ರ ಪಿಟಿಎಸ್‌ಡಿ ಉಳಿದಿತ್ತು, ಉಳಿದ ಎರಡು ಗುಂಪುಗಳಲ್ಲಿ ಸುಮಾರು ಶೇ 80. ಇದು 43 ಜನರ ಸಣ್ಣ ಅಧ್ಯಯನ, ಹಾಗಾಗಿ ಈ ಅಂಕಿಯನ್ನೇ ಗಟ್ಟಿಯಾಗಿ ಹಿಡಿದುಕೊಳ್ಳಬೇಡಿ. ಆಮೇಲೆ ಉಗಾಂಡದಲ್ಲೇ 277 ರುವಾಂಡ, ಸೋಮಾಲಿಯ ನಿರಾಶ್ರಿತರ ಮೇಲೆ ನಡೆದ ದೊಡ್ಡ ಅಧ್ಯಯನದಲ್ಲಿ ನೆಟ್ ಮತ್ತು ಇನ್ನೊಂದು ರೀತಿಯ ಆಘಾತ ಕೌನ್ಸೆಲಿಂಗ್ ಎರಡೂ ಒಂದೇ ಮಟ್ಟದ ಗುಣ ಕೊಟ್ಟವು. ಆದರೆ ನೆಟ್‌ನಲ್ಲಿ ಅರ್ಧಕ್ಕೆ ಬಿಟ್ಟು ಹೋದವರು ಕಡಿಮೆ.

ಅಮೆರಿಕದ ಸೈನ್ಯದಲ್ಲಿದ್ದ 284 ಹೆಂಗಸರ ಮೇಲೆ ನಡೆದ ಹೋಲಿಕೆ 2007ರಲ್ಲಿ ಬಂತು. ಆಘಾತದ ನೆನಪನ್ನು ಮತ್ತೆ ಮತ್ತೆ ಎದುರಿಸುವ ಪಿಇ ಎಂಬ ಚಿಕಿತ್ಸೆ ಒಂದು ಕಡೆ. ಹಳೆಯದನ್ನು ಮುಟ್ಟದೆ, ಈಗಿನ ದಿನದ ತಾಪತ್ರಯಗಳನ್ನು ಮಾತ್ರ ನಿಭಾಯಿಸುವ ಚಿಕಿತ್ಸೆ ಇನ್ನೊಂದು ಕಡೆ. ಮೊದಲನೆಯದರಲ್ಲಿ ಶೇ 41 ಹೆಂಗಸರಿಗೆ ಪಿಟಿಎಸ್‌ಡಿ ಇಲ್ಲವಾಯಿತು, ಎರಡನೆಯದರಲ್ಲಿ ಸುಮಾರು ಶೇ 28. ಆದರೆ ಅರ್ಧಕ್ಕೆ ಬಿಟ್ಟವರು ಮೊದಲನೆಯದರಲ್ಲೇ ಜಾಸ್ತಿ. ಒಳ್ಳೆಯ ಚಿಕಿತ್ಸೆಯಲ್ಲೂ ಎಲ್ಲರೂ ಪೂರ್ತಿ ಗುಣವಾಗುವುದಿಲ್ಲ, ಪೂರ್ತಿ ಹೋಗದಿದ್ದರೂ ಬಹಳಷ್ಟು ಇಳಿದವರು ಈ ಅಂಕಿಯಲ್ಲಿ ಕಾಣುವುದಿಲ್ಲ. ನೆನಪನ್ನು ಮುಟ್ಟದ ಚಿಕಿತ್ಸೆ ಕೂಡ ಬರೀ ಸೊನ್ನೆಯಲ್ಲ ಎಂಬುದೂ ಇದರಲ್ಲಿದೆ.

ಇದನ್ನೆಲ್ಲ ಓದಿ, ವರ್ಷಗಳಿಂದ ಈ ಕೆಲಸ ಮಾಡಿ ನಾನು ಕಂಡುಕೊಂಡದ್ದು ಇಷ್ಟು. ನೆನಪನ್ನು ಎದುರಿಸುವ ಚಿಕಿತ್ಸೆಗಳು ಸುಮ್ನೆ ಸಮಾಧಾನ ಹೇಳುವುದಕ್ಕಿಂತ ಹೆಚ್ಚು ಕೆಲಸ ಮಾಡುತ್ತವೆ. ಆದರೆ ಅವುಗಳ ನಡುವೆ ಇದೇ ಮೇಲು ಎಂದು ಹಟ ಹಿಡಿಯುವಷ್ಟು ಅಂತರ ಇಲ್ಲ. ಯಾವುದನ್ನು ಅವಳು ಕೊನೆಯವರೆಗೆ ಬಿಡದೆ ಮಾಡಬಲ್ಲಳು, ಯಾರ ಹತ್ತಿರ, ಯಾವ ಭಾಷೆಯಲ್ಲಿ, ಎಷ್ಟು ಗುಟ್ಟಾಗಿ ಮಾಡಬಲ್ಲಳು ಎಂಬುದೇ ನಿಮ್ಮ ಮನೆಯಲ್ಲಿ ತೀರ್ಮಾನ ಆಗಬೇಕಾದ ವಿಷಯ.

ಅವಳಿಗೆ ಮಂಗಳೂರಿನಲ್ಲಿ ಹೇಳಿದ್ದು ಬಹುಶಃ ಪಿಇ. ಕಣ್ಣು ಮುಚ್ಚಿ, ಆ ದಿನವನ್ನು ಈಗ ನಡೆಯುತ್ತಿದೆ ಎಂಬಂತೆ ಹೇಳುವುದು, ಅದನ್ನು ರೆಕಾರ್ಡ್ ಮಾಡಿ ಮನೆಯಲ್ಲಿ ದಿನಾ ಕೇಳುವುದು, ಅಪಾಯವಿಲ್ಲದಿದ್ದರೂ ತಪ್ಪಿಸಿಕೊಳ್ಳುವ ಜಾಗಗಳಿಗೆ ಸ್ವಲ್ಪ ಸ್ವಲ್ಪವಾಗಿ ಹೋಗುವುದು. ಸಾಮಾನ್ಯವಾಗಿ 8ರಿಂದ 15 ಸಲ, ಒಂದೊಂದು ಸಲ ಒಂದೂವರೆ ಗಂಟೆ. ತುಂಬ ಪರೀಕ್ಷೆಗೆ ಒಳಗಾಗಿ ಗೆದ್ದ ಚಿಕಿತ್ಸೆ ಇದು. ಮೊದಲ ಕೆಲವು ವಾರ ಕನಸು, ಬೆಚ್ಚಿಬೀಳುವುದು ಸ್ವಲ್ಪ ಹೆಚ್ಚಾದಂತೆ ಕೆಲವರಿಗೆ ಅನಿಸುತ್ತದೆ, ಆಗಲೇ ಬಿಟ್ಟುಬಿಡುವ ಅಪಾಯ. ನಮ್ಮ ಮನೆಗಳಲ್ಲಿ ಇನ್ನೊಂದು ತೊಡಕಿದೆ. ಆರೇಳು ಜನ ಇರುವ ಮನೆಯಲ್ಲಿ ಬಾಗಿಲು ಹಾಕಿ ರೆಕಾರ್ಡ್ ಕೇಳಲು ಎಲ್ಲಿ ಜಾಗ? ಹೊರಗೆ ಅತ್ತೆಯೋ ಮಕ್ಕಳೋ ಕೇಳಿಸಿಕೊಂಡಾರೆಂಬ ಭಯದಲ್ಲಿ ಅವಳು ಈ ಮನೆಪಾಠ ಮಾಡಲಾರಳು.

ಸಿಪಿಟಿಯಲ್ಲಿ ಒತ್ತು ಇರುವುದು ಘಟನೆಯ ನಂತರ ಮನಸ್ಸಿನಲ್ಲಿ ಗಟ್ಟಿಯಾದ ತೀರ್ಪುಗಳ ಮೇಲೆ. "ನನ್ನದೇ ತಪ್ಪು", "ಯಾರನ್ನೂ ನಂಬಬಾರದು", "ನಾನು ಇನ್ನು ಯಾವುದಕ್ಕೂ ಬಾರದವಳು" ಇಂಥವು. ಅಮೆರಿಕದ ಪ್ಯಾಟ್ರಿಷಿಯಾ ರೆಸಿಕ್ ಇದನ್ನು ಮೊದಲು ರೂಪಿಸಿದ್ದೇ ಅತ್ಯಾಚಾರಕ್ಕೆ ಒಳಗಾದ ಹೆಂಗಸರಿಗಾಗಿ. ಸುಮಾರು 12 ಸಲದಲ್ಲಿ ಮುಗಿಯುತ್ತದೆ. ಆಘಾತದ ವಿವರವನ್ನು ಬರೆಸದೆಯೇ ಮಾಡಿದರೂ ಗುಣ ಕಡಿಮೆಯಾಗುವುದಿಲ್ಲ ಎಂದು ಪರೀಕ್ಷಿಸಿ ನೋಡಿದ್ದಾರೆ. ರೋಗಿಗಳನ್ನು ಬಿಟ್ಟು ಬಂದೆ ಎಂಬುದು ನಿಮ್ಮ ನಾದಿನಿಯ ದೊಡ್ಡ ಕೊರಗಾಗಿದ್ದರೆ, ನಾನು ಮೊದಲು ಯೋಚಿಸುವುದು ಇದನ್ನೇ. ನೀರಿಲ್ಲ, ಕರೆಂಟಿಲ್ಲ, ಸುತ್ತ ಶೆಲ್ ಬೀಳುತ್ತಿದೆ. ಆಪರೇಷನ್ ಕಾವೇರಿ ಎಂದು ಸರಕಾರ 3,800ಕ್ಕೂ ಹೆಚ್ಚು ಭಾರತೀಯರನ್ನು ಕರೆತರಬೇಕಾದ ಪರಿಸ್ಥಿತಿ ಅದು. ಅಲ್ಲಿ ಒಬ್ಬ ನರ್ಸ್ ಕೈಯಲ್ಲಿ ಏನಿತ್ತು, ಏನಿರಲಿಲ್ಲ ಎಂದು ಅವಳೇ ಒಂದೊಂದಾಗಿ ಬಿಡಿಸಿ ನೋಡಬೇಕು. "ನಿನ್ನ ತಪ್ಪಿಲ್ಲ ಬಿಡು" ಎಂದು ನೀವು ಸಾವಿರ ಸಲ ಹೇಳಿದರೂ ಅದು ಒಳಗೆ ಇಳಿಯುವುದಿಲ್ಲ, ತಾನೇ ತಲುಪಿದರೆ ಇಳಿಯುತ್ತದೆ. ಇದರ ತೊಡಕು ಬರವಣಿಗೆ. ಪುಸ್ತಕ ಯಾರ ಕೈಗಾದರೂ ಸಿಕ್ಕೀತು ಎಂಬ ಹೆದರಿಕೆ ಇದ್ದರೆ ಅದನ್ನು ಚಿಕಿತ್ಸಕರ ಹತ್ತಿರವೇ ಬಿಟ್ಟು ಬರಬಹುದು.

ಗೆಳತಿ ಹೇಳಿದ್ದು ಇಎಂಡಿಆರ್. 1980ರ ದಶಕದ ಕೊನೆಗೆ ಫ್ರಾನ್ಸಿನ್ ಶಪಿರೊ ಎಂಬ ಅಮೆರಿಕದ ಮನೋವಿಜ್ಞಾನಿ ಶುರುಮಾಡಿದ್ದು. ನೆನಪಿನ ಒಂದು ತುಣುಕನ್ನು ಮನಸ್ಸಿನಲ್ಲಿ ಹಿಡಿದುಕೊಂಡು, ಚಿಕಿತ್ಸಕರ ಬೆರಳು ಆಚೆ ಈಚೆ ಹೋದಂತೆ ಕಣ್ಣು ಆಡಿಸುತ್ತಾರೆ. ಇದು ಮಾಟವೂ ಅಲ್ಲ, ಮೋಸವೂ ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2013ರ ತನ್ನ ಸೂಚನೆಗಳಲ್ಲಿ ಇದನ್ನೂ ಹೇಳಿದೆ. ಕಣ್ಣಿನ ಚಲನೆ ನಿಜವಾಗಿ ಬೇಕೇ, ಇಲ್ಲ ನೆನಪನ್ನು ಎದುರಿಸುವುದರಿಂದಲೇ ಗುಣವಾಗುತ್ತದೆಯೇ ಎಂಬ ವಾದ ತಜ್ಞರಲ್ಲಿ ಇನ್ನೂ ಇದೆ. ಬಾಯಿ ಬಿಟ್ಟು ವಿವರ ಹೇಳಬೇಕಾದದ್ದು ಕಡಿಮೆ, ಮನೆಪಾಠವೂ ಇಲ್ಲದಷ್ಟೇ, ಹಾಗಾಗಿ ಆದದ್ದನ್ನು ಹೇಳಲು ಬಾಯಿ ಬಾರದವರಿಗೆ ಇದು ಹಿಡಿಸುತ್ತದೆ. ಆದರೆ ಏನೂ ಅನುಭವಿಸಬೇಕಾಗಿಲ್ಲ ಎಂದು ತಿಳಿದು ಹೋದರೆ ಮೊದಲ ದಿನವೇ ಬೆಚ್ಚುತ್ತಾಳೆ. ನೆನಪು ಬರುತ್ತದೆ, ಜೋರಾಗಿಯೇ ಬರುತ್ತದೆ. ವಾರಾಂತ್ಯದ ಸಣ್ಣ ಶಿಬಿರ ಮುಗಿಸಿ ಬೋರ್ಡ್ ಹಾಕಿದವರೂ ಇದ್ದಾರೆ, ವಿಚಾರಿಸಿ ಹೋಗಿ.

ನೆಟ್ ಬಗ್ಗೆ ನನಗೆ ವಿಶೇಷ ಪ್ರೀತಿ ಇದೆ ಎಂದು ಹೇಳಿಬಿಡುತ್ತೇನೆ. ಇದರಲ್ಲಿ ನೆಲದ ಮೇಲೆ ಒಂದು ಹಗ್ಗ ಹಾಸುತ್ತಾರೆ. ಅದು ಹುಟ್ಟಿದಂದಿನಿಂದ ಇವತ್ತಿನವರೆಗಿನ ಬದುಕು. ಒಳ್ಳೆಯ ಘಟನೆಗಳಿಗೆ ಹೂವು, ಕೆಟ್ಟದ್ದಕ್ಕೆ ಕಲ್ಲು ಇಡುತ್ತಾ ಹೋಗುತ್ತಾರೆ. ಆಮೇಲೆ ಆ ದಾರಿಯಲ್ಲಿ ಮೊದಲಿಂದ ನಡೆದು, ಕಲ್ಲು ಬಂದಲ್ಲಿ ನಿಧಾನಿಸಿ, ಆಗ ಏನು ಕಂಡೆ, ಮೈ ಏನಾಯಿತು, ಈಗ ಹೇಳುವಾಗ ಏನಾಗುತ್ತಿದೆ ಎಂದು ಸೇರಿಸುತ್ತಾ ಹೇಳುತ್ತಾರೆ. ಚಿಕಿತ್ಸಕರು ಅದನ್ನು ಬರೆದು ಮುಂದಿನ ಸಲ ಓದಿ ಹೇಳುತ್ತಾರೆ, ಕೊನೆಗೆ ಪೂರ್ತಿ ಕಥೆ ಅವಳ ಕೈಗೆ ಬರುತ್ತದೆ. ಒಂದಲ್ಲ, ಹಲವು ಆಘಾತ ಕಂಡವರಿಗೆ ಇದು ಹೊಂದುತ್ತದೆ. ಯುದ್ಧ ಒಂದೇ ಘಟನೆಯಾಗಿ ಬರುವುದಿಲ್ಲ ಅಲ್ವಾ? ಹಾಸ್ಟೆಲಿನ ದಿನಗಳು ಬೇರೆ, ಬಸ್ಸಿನ ದಾರಿ ಬೇರೆ, ಬಂದರಿನಲ್ಲಿ ಕಾದದ್ದು ಬೇರೆ. ಜೊತೆಗೆ ಹಗ್ಗದ ಮೇಲೆ ಹೂವುಗಳೂ ಇರುತ್ತವೆ. ತನ್ನ ಬದುಕೆಂದರೆ ಆ ಏಪ್ರಿಲ್ ತಿಂಗಳು ಒಂದೇ ಅಲ್ಲ ಎಂದು ಕಣ್ಣಾರೆ ಕಾಣುವುದು ಸಣ್ಣ ವಿಷಯವಲ್ಲ. ಇದರ ತೊಡಕೆಂದರೆ, ನಮ್ಮ ಕಡೆ ಕಲಿತವರು ಕಡಿಮೆ, ಮತ್ತು ಬರೆದ ಕಥೆಯನ್ನು ಎಲ್ಲಿಡುವುದು ಎಂಬುದನ್ನು ಮೊದಲೇ ಯೋಚಿಸಬೇಕು.

ಕಾಂಗೋದಂತೆ ಗುಂಪಿನಲ್ಲಿ ಮಾಡಬಹುದೇ ಎಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಅಲ್ಲಿ ಊರಿಗೆ ಊರೇ ನೊಂದಿತ್ತು, ಗುಂಪು ಆಸರೆಯಾಯಿತು. ನಮ್ಮಲ್ಲಿ ಕುಂಬಳೆಯವರಿಗೆ ನೀರ್ಚಾಲಿನವರು ನೆಂಟರು, ನೀರ್ಚಾಲಿನವರಿಗೆ ಪೆರ್ಲದವರು ನೆಂಟರು. ಗುಟ್ಟು ಉಳಿಯುವ ಭರವಸೆ ಇಲ್ಲದ ಗುಂಪಿಗೆ ಅವಳನ್ನು ಕಳಿಸಲು ನಾನು ಹೇಳುವುದಿಲ್ಲ.

ಮಾತ್ರೆ ಬಗ್ಗೆ. ಪಿಟಿಎಸ್‌ಡಿಗೆ ಸಾಮಾನ್ಯವಾಗಿ ಕೊಡುವುದು ಸರ್ಟ್ರಾಲಿನ್, ಪ್ಯಾರಾಕ್ಸಿಟಿನ್‌ನಂಥ ಮಾತ್ರೆಗಳು. ಪರಿಣಾಮ ಕಾಣಲು ನಾಲ್ಕಾರು ವಾರ ಬೇಕು. ಖಿನ್ನತೆ ಜೋರಾಗಿರುವಾಗ, ಬದುಕು ಬೇಡ ಅನಿಸುವಾಗ ಇವು ಬಹಳ ಉಪಕಾರಿ. ಅಲ್ಪ್ರಾಜೋಲಾಮ್, ಕ್ಲೊನಾಜೆಪಾಮ್ ಗುಂಪಿನವು ಬೇರೆ. ರಾತ್ರಿ ನಿದ್ದೆ ತರಿಸುತ್ತವೆ, ಆದರೆ ಪಿಟಿಎಸ್‌ಡಿಯನ್ನು ಗುಣಪಡಿಸುವುದಿಲ್ಲ, ಅಭ್ಯಾಸವಾಗಿಬಿಡುತ್ತವೆ. ಅವಳ ಚೀಟಿಯಲ್ಲಿ ಇವು ತಿಂಗಳುಗಟ್ಟಲೆ ಇದ್ದರೆ ಡಾಕ್ಟರನ್ನು ಕೇಳಿ. ನೀವಾಗಿ ಒಮ್ಮೆಲೇ ನಿಲ್ಲಿಸಬೇಡಿ, ಅದು ಅಪಾಯ.

ಬಸ್ಸಿನಲ್ಲಿ ಏನಾಯಿತು ಎಂಬುದು. ಅವಳು ಹೇಳದಿದ್ದಕ್ಕೆ ನೀವು ಏನೇನೋ ಊಹಿಸಿರುತ್ತೀರಿ. ಊಹೆ ನಿಜವಿರಬಹುದು, ಇಲ್ಲದಿರಬಹುದು. ಮನೆಯವರಿಗೆ ಅದು ಗೊತ್ತಾಗಲೇಬೇಕು ಎಂದೇನಿಲ್ಲ, ಗುಣವಾಗಲು ಅದು ಬೇಡ. ಆದರೆ ಲೈಂಗಿಕ ಹಿಂಸೆ ನಡೆದಿದ್ದರೆ ಎರಡು ವಿಷಯ ತಿಳಿದಿರಲಿ. ಎಷ್ಟೋ ಹೆಂಗಸರು "ಕೂಗಲಿಲ್ಲ, ಓಡಲಿಲ್ಲ, ಹಾಗಾದರೆ ನಾನೇ ಬಿಟ್ಟುಕೊಟ್ಟೆನಾ" ಎಂದು ವರ್ಷಗಟ್ಟಲೆ ತಮ್ಮನ್ನೇ ಸುಡುತ್ತಾರೆ. ಭಯ ಮಿತಿ ಮೀರಿದಾಗ ಮೈ ಮರಗಟ್ಟುವುದು ಶರೀರದ ಸಹಜ ಪ್ರತಿಕ್ರಿಯೆ. ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಅತ್ಯಾಚಾರದ ನಂತರ ಆಸ್ಪತ್ರೆಗೆ ಬಂದ 298 ಹೆಂಗಸರನ್ನು ಕೇಳಿದಾಗ ಶೇ 70ರಷ್ಟು ಮಂದಿಗೆ ಹೀಗೆ ಆಗಿತ್ತು. ಎರಡನೆಯದು, ಎಚ್‌ಐವಿ, ಹೆಪಟೈಟಿಸ್ ಬಿಯಂಥ ಪರೀಕ್ಷೆಗಳನ್ನು ಇಷ್ಟು ತಡವಾಗಿಯೂ ಮಾಡಿಸಬಹುದು. ಈ ಮಾತನ್ನು ನೀವು ಎತ್ತಬೇಡಿ. ಮಹಿಳಾ ಡಾಕ್ಟರೊಬ್ಬರು ಅವಳೊಬ್ಬಳೇ ಇರುವಾಗ ಕೇಳಲಿ.

ಭಾಷೆಯ ವಿಚಾರ ನಮ್ಮ ಜಿಲ್ಲೆಯಲ್ಲಿ ಸಣ್ಣದಲ್ಲ. ಸರಕಾರದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಇದೆ, ಡಾಕ್ಟರು, ಕೌನ್ಸೆಲರ್ ಸಿಗುತ್ತಾರೆ, ಖರ್ಚಿಲ್ಲ. ಆದರೆ ಅಲ್ಲಿರುವವರು ಮಲಯಾಳದವರಾದರೆ? ಕೆಲಸದಲ್ಲಿ ಮಲಯಾಳ, ಇಂಗ್ಲಿಷ್ ಚೆನ್ನಾಗಿ ಮಾತಾಡುವ ನಿಮ್ಮ ನಾದಿನಿಗೆ ಅಳು ಬಂದಾಗ ಬರುವ ಭಾಷೆ ಬೇರೆಯಿರಬಹುದು. ಹಾಗೆಂದು ಮನೆಮಾತೇ ಆಗಬೇಕೆಂದು ನೀವು ನಿಶ್ಚಯಿಸಬೇಡಿ. ಕೆಲವು ಹೆಂಗಸರು ಅತಿ ನೋವಿನ ಭಾಗವನ್ನು ಇಂಗ್ಲಿಷಿನಲ್ಲೇ ಸಲೀಸಾಗಿ ಹೇಳುತ್ತಾರೆ. ಮನೆಮಾತಿನಲ್ಲಿ ಆ ಶಬ್ದಗಳನ್ನು ಆಡಲು ಅವರಿಗೆ ಬಾಯಿ ಬರುವುದಿಲ್ಲ. ಎರಡೂ ಬಲ್ಲ ಚಿಕಿತ್ಸಕಿ ಸಿಕ್ಕರೆ ಒಳ್ಳೆಯದು, ಮಂಗಳೂರಿನಲ್ಲಿ ಅಂಥವರು ಸಿಗುತ್ತಾರೆ. ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯೇ, ಆಘಾತದ ಯಾವ ಚಿಕಿತ್ಸೆ ಕಲಿತಿದ್ದಾರೆ, ಸುಮಾರು ಎಷ್ಟು ಸಲ ಬರಬೇಕು ಎಂದು ಫೋನಿನಲ್ಲೇ ಕೇಳಿ. ಕೇಳಿದ್ದಕ್ಕೆ ಸಿಟ್ಟಾಗುವವರ ಹತ್ತಿರ ಹೋಗಬೇಡಿ. ವಾರ ವಾರ ಮಂಗಳೂರಿಗೆ ಬಸ್ ಹತ್ತುವುದು ಕಷ್ಟವಾದರೆ, ಮೊದಲ ಕೆಲವು ಸಲ ಎದುರಿಗೆ ಕೂತು, ಆಮೇಲೆ ವಿಡಿಯೋ ಕಾಲ್‌ನಲ್ಲಿ ಮುಂದುವರಿಸಬಹುದು. ಅದಕ್ಕೆ ಬಾಗಿಲಿರುವ ಕೋಣೆ, ನೆಟ್‌ವರ್ಕ್, ಮತ್ತು ಆ ಹೊತ್ತಿಗೆ ಯಾರೂ ಬಾಗಿಲು ತಟ್ಟುವುದಿಲ್ಲ ಎಂಬ ನಿಮ್ಮ ಕಾವಲು ಬೇಕು.

ಅತ್ತೆಯವರು ಹೇಳುವ ಪ್ರಶ್ನೆ ಇಡಿಸುವ ವಿಚಾರ. ನಂಬಿಕೆಗೆ ನಾನು ವಿರೋಧವಿಲ್ಲ. ಮಧೂರು ದೇವಸ್ಥಾನಕ್ಕೆ ಹೋಗಿ ಕೈಮುಗಿದು ಅವಳಿಗೆ ಸಮಾಧಾನವಾಗುವುದಾದರೆ ಹೋಗಲಿ. ನನ್ನ ಹೆದರಿಕೆ ಬೇರೆ. ಪ್ರಶ್ನೆ ಇಡಿಸುವಲ್ಲಿ ಹತ್ತು ಜನರ ಎದುರು ಅವಳ ಕಥೆ ಬಿಚ್ಚುತ್ತದೆ. ಕೊನೆಗೆ ಎಲ್ಲಿಗಾದರೂ ತಪ್ಪುಕಾಣಿಕೆ ಹಾಕಬೇಕು ಎಂದು ಬಂದರೆ, "ತಪ್ಪು ನನ್ನದೇ" ಎಂದು ಮೊದಲೇ ನಂಬಿದವಳಿಗೆ ಅದು ತೀರ್ಪಿನ ಹಾಗೆ ಕೇಳುತ್ತದೆ. ಅತ್ತೆಯವರಿಗೆ ಹೀಗೆ ಹೇಳಿ ನೋಡಿ: "ಅಮ್ಮಾ, ಪ್ರಾರ್ಥನೆ ನೀವು ಮಾಡಿ, ಅವಳನ್ನು ಕೂರಿಸುವುದು ಬೇಡ, ಮಾತ್ರೆ ನಿಲ್ಲಿಸುವುದು ಬೇಡ." ಹೆಚ್ಚಿನ ತಾಯಂದಿರು ಇದನ್ನು ಒಪ್ಪುತ್ತಾರೆ.

ಮದುವೆಯ ವಿಚಾರದಲ್ಲಿ ನಾನು ಇಷ್ಟು ಮೆದುವಾಗಿ ಹೇಳಲಾರೆ. ಮದುವೆ ಈ ಕಾಯಿಲೆಗೆ ಮದ್ದಲ್ಲ. ರಾತ್ರಿ ಬೆಚ್ಚಿ ಏಳುವ, ಮೈ ಮುಟ್ಟಿದರೆ ನಡುಗಬಹುದಾದ ಹುಡುಗಿಯನ್ನು ಹೊಸ ಮನೆಗೆ, ಹೊಸ ಗಂಡಿನ ಕೋಣೆಗೆ ಕಳಿಸುವುದು ಅವಳಿಗೂ ಅನ್ಯಾಯ, ಆ ಹುಡುಗನಿಗೂ ಅನ್ಯಾಯ. ಅವಳೇ ಬೇಕು ಎನ್ನುವವರೆಗೆ ಜಾತಕ ಮುಚ್ಚಿಡಿ. ಮುಂದೆ ಯಾರಿಗೆ ಏನು ಹೇಳಬೇಕು ಎಂಬುದು ಅವಳ ತೀರ್ಮಾನ. ಅವಳ ಚಿಕಿತ್ಸೆಯ ವಿವರ ಗುಟ್ಟಾಗಿರಬೇಕು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ. ಅಣ್ಣ ಎಂಬ ಕಾರಣಕ್ಕೇ, ಅವಳ ಒಪ್ಪಿಗೆಯಿಲ್ಲದೆ ಡಾಕ್ಟರನ್ನು ಕೇಳಿ ತಿಳಿದುಕೊಳ್ಳುವ ಹಾಗಿಲ್ಲ.

ನೀವು ಮಾಡಬಹುದಾದದ್ದು ಬಹಳ ಇದೆ. ಹಿಂದಿನಿಂದ ಹೋಗಿ ಮುಟ್ಟಬೇಡಿ, ಹೆಸರು ಕರೆದು ಹೋಗಿ. ಟಿವಿಯಲ್ಲಿ ಯುದ್ಧದ ಸುದ್ದಿ ಬಂದರೆ ಚಾನೆಲ್ ಬದಲಿಸಿ. ಪಕ್ಕದ ಮನೆಯವರಿಗೆ ಹೇಳಿ ಪಿಕಪ್ ಬರುವ ಹೊತ್ತು ಮೊದಲೇ ತಿಳಿಸುವಂತೆ ಮಾಡಿ. ಜನವರಿಯಲ್ಲಿ ಮತ್ತೆ ಬೆಡಿ ಬರುತ್ತದೆ. ಚಿಕಿತ್ಸೆ ಶುರುವಾಗಿರದಿದ್ದರೆ ಆ ದಿನ ಅವಳನ್ನು ಕುಂಬಳೆಗೆ ಕರೆದುಕೊಂಡು ಹೋಗಬೇಡಿ. ಶುರುವಾಗಿದ್ದರೆ ಬೆಡಿಯನ್ನೂ ಚಿಕಿತ್ಸಕರ ಜೊತೆ ಮಾತಾಡಿ ಯೋಜನೆಯೊಳಗೆ ತರಬಹುದು. ಮೊದಲು ಫೋನಿನಲ್ಲಿ ಸಣ್ಣ ಸದ್ದಿಗೆ ಕೇಳುವುದು, ಆಮೇಲೆ ಸದ್ದು ಏರಿಸುವುದು, ಆಮೇಲೆ ದೂರದಿಂದ. ಇದನ್ನು ಮನೆಯವರೇ ಧೈರ್ಯ ಬರಲಿ ಎಂದು ಮಾಡಿಸಬಾರದು. ಕೆಲಸಕ್ಕೆ ಹೋಗುತ್ತೇನೆ ಎಂದು ಅವಳು ಹೇಳಿದರೆ ತಡೆಯಬೇಡಿ, ಹೋಗು ಎಂದು ತಳ್ಳಲೂ ಬೇಡಿ.

ಈ ವಾರ ಒಂದು ಕೆಲಸ ಮಾಡಿ. ಮೊದಲು ಹೋಗಿದ್ದ ಸೈಕಾಲಜಿಸ್ಟ್ ಮೇಲೆ ಅವಳಿಗೆ ಸಿಟ್ಟಿದೆಯಾ, ಇಲ್ಲ ಅವರು ಹೇಳಿದ ವಿಧಾನದ ಭಯ ಮಾತ್ರವಾ ಎಂದು ಕೇಳಿ. ಭಯ ಮಾತ್ರ ಎಂದರೆ ಅವರ ಹತ್ತಿರವೇ ಮತ್ತೆ ಹೋಗಿ, "ನನಗೆ ಹೇಳಲು ಆಗುವುದಿಲ್ಲ, ಬೇರೆ ದಾರಿ ಇದೆಯಾ" ಎಂದು ಅವಳೇ ಕೇಳಲಿ. ನಿದ್ದೆ, ಉಸಿರು, ಬೆಚ್ಚಿದಾಗ ಈಗಿನ ಜಾಗಕ್ಕೆ ಮರಳುವುದು ಹೇಗೆ ಎಂಬುದನ್ನು ಮೊದಲು ಕಲಿಸಿ, ಆಮೇಲೆ ನೆನಪಿನ ಕೆಲಸಕ್ಕೆ ಇಳಿಯುವುದು ಸಾಧ್ಯ. ಇದರ ಬಗ್ಗೆ ಮಾತಾಡಲು ತಯಾರಿಲ್ಲದವರಾದರೆ ಬೇರೆಯವರನ್ನು ಹುಡುಕಿ. ನೀವು ಜೊತೆಗೆ ಹೋಗಿ, ಹೊರಗೆ ಬೆಂಚಿನಲ್ಲಿ ಕೂರಿ, ಒಳಗೆ ಬಾ ಎಂದು ಅವಳು ಕರೆದರೆ ಮಾತ್ರ ಹೋಗಿ. ಮುಗಿಸಿ ಹೊರಬಂದಾಗ "ಏನು ಕೇಳಿದರು" ಎನ್ನಬೇಡಿ. ಊಟ ಮಾಡಿಸಿ, ಸೀಟು ಸಿಗುವ ಬಸ್ ನೋಡಿ ಕರೆದುಕೊಂಡು ಬನ್ನಿ, ಆ ದಿನ ಮನೆಯ ಕೆಲಸ ಹೇಳಬೇಡಿ. ನಾಲ್ಕೈದು ಸಲ ಹೋದ ಮೇಲೂ ಏನೂ ಬದಲಾಗದಿದ್ದರೆ ಚಿಕಿತ್ಸಕರಿಗೇ ಅದನ್ನು ಹೇಳಲಿ. ವಿಧಾನ ಬದಲಿಸುವುದು, ಮಾತ್ರೆ ಸೇರಿಸುವುದು, ಇನ್ನೊಬ್ಬರಿಗೆ ಒಪ್ಪಿಸುವುದು ಎಲ್ಲ ಈ ಚಿಕಿತ್ಸೆಯಲ್ಲಿ ಇದ್ದದ್ದೇ.